ಎಂಐ-26: ಭಾರ ಎತ್ತುವ ದೈತ್ಯ ಹೆಲಿಕಾಪ್ಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೆಲಿಕಾಪ್ಟರ್ ವಿಷಯ ಬಂದಾಗಲೆಲ್ಲ ಎಂಐ-26 ಬಗ್ಗೆ ಅವವೇ ಪ್ರಶ್ನೆಗಳು ಬರುತ್ತವೆ. ಮಾತಿನ ನಡುವೆ ಕೇಳುತ್ತಾರೆ, ಪತ್ರ ಬರೆದು ಕೇಳುತ್ತಾರೆ, ಪ್ರತಿಕ್ರಿಯೆಗಳಲ್ಲೂ ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನಿಟ್ಟು ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲಿನವು ಸುಲಭ, ಮುಂದೆ ಹೋದಂತೆ ಲೆಕ್ಕ ಜಾಸ್ತಿ. ಬೇಕಾದ ಪ್ರಶ್ನೆಗೆ ನೇರವಾಗಿ ಹೋದರೂ ಅರ್ಥವಾಗುತ್ತದೆ.

## ಮೊದಲ ಪರಿಚಯ

ಇದೇನಾ ಜಗತ್ತಿನ ಅತಿ ದೊಡ್ಡ ಹೆಲಿಕಾಪ್ಟರ್?

ಈಗ ಸೇವೆಯಲ್ಲಿರುವುದರಲ್ಲಿ ಹೌದು. ಮಾಸ್ಕೋದ ಮಿಲ್ ವಿನ್ಯಾಸ ಕಚೇರಿ ಇದನ್ನು ರೂಪಿಸಿತು. ಆಗ ಮುಖ್ಯ ವಿನ್ಯಾಸಕಾರರಾಗಿದ್ದವರು ಮರಾತ್ ತಿಶ್ಚೆಂಕೊ. ಮೊದಲ ಹಾರಾಟ 1977ರ ಡಿಸೆಂಬರ್ 14ರಂದು ನಡೆಯಿತು. ತಯಾರಾಗುವುದು ದಕ್ಷಿಣ ರಷ್ಯಾದ ರಸ್ತೋವ್-ಆನ್-ಡಾನ್ ನಗರದ ಕಾರ್ಖಾನೆಯಲ್ಲಿ. ಈವರೆಗೆ 300ಕ್ಕೂ ಹೆಚ್ಚು ಆಗಿವೆ.

ರೋಟರ್ (ಹೆಲಿಕಾಪ್ಟರನ್ನು ಎತ್ತುವ, ತಿರುಗುವ ಬ್ಲೇಡ್‌ಗಳ ಚಕ್ರ) ತಿರುಗುವಾಗ ಮೂಗಿನಿಂದ ಬಾಲದ ತನಕ ಉದ್ದ 40 ಮೀಟರ್. ಮೇಲಿನ ರೋಟರ್‌ನ ವ್ಯಾಸ 32 ಮೀಟರ್. ಬಾಲದ ರೋಟರ್ ಒಂದೇ 7.6 ಮೀಟರ್ ಇದೆ. ರಾಬಿನ್ಸನ್ ಆರ್22 ಅನ್ನುವ ಇಬ್ಬರು ಕೂರುವ ಹೆಲಿಕಾಪ್ಟರ್‌ನ ಮುಖ್ಯ ರೋಟರ್ ಹೆಚ್ಚುಕಮ್ಮಿ ಅಷ್ಟೇ ದೊಡ್ಡದು! ಫೋಟೊದಲ್ಲಿ ನೋಡಿದರೆ ಈ ಗಾತ್ರ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮನುಷ್ಯರು ನಿಂತಿರಬೇಕು.

ಒಳಗೆ ಎಷ್ಟು ಜಾಗ ಇದೆ? ಒಂದು ಬಸ್ಸು ಹಿಡಿಸುತ್ತಾ?

ಸಾಮಾನು ಇಡುವ ಕೋಣೆ 12 ಮೀಟರ್ ಉದ್ದ, ಸುಮಾರು 3.2 ಮೀಟರ್ ಅಗಲ, ಸುಮಾರು 3 ಮೀಟರ್ ಎತ್ತರ. ದೊಡ್ಡ ಬಸ್ಸು ಉದ್ದಕ್ಕೂ ಅಗಲಕ್ಕೂ ಹೊಂದಬಹುದು, ಆದರೆ ತಲೆ ತಾಗುತ್ತದೆ. ಜೀಪು, ಟ್ರಕ್ಕು, ಸಣ್ಣ ಬುಲ್ಡೋಜರ್‌ಗಳಿಗೆ ತೊಂದರೆ ಇಲ್ಲ, ಹಿಂದಿನ ಬಾಗಿಲು ತೆರೆದು ಇಳಿಜಾರು ಹಲಗೆಯ ಮೇಲೆ ನೇರ ಒಳಗೆ ಓಡಿಸಬಹುದು. ಸೋವಿಯತ್ ಸೇನೆ ಇದನ್ನು ಬಯಸಿದ್ದೇ ಶಸ್ತ್ರಸಜ್ಜಿತ ವಾಹನಗಳನ್ನು ರಸ್ತೆ ಇಲ್ಲದ ಕಡೆ ಇಳಿಸೋಕೆ.

ನನಗೆ ತುಂಬಾ ಇಷ್ಟವಾದದ್ದು ಇಲ್ಲಿನ ಸಣ್ಣಪುಟ್ಟ ಅನುಕೂಲಗಳು. ಒಳಗಿನ ಚಾವಣಿಗೆ ತಲಾ 2.5 ಟನ್ ಎತ್ತುವ ಎರಡು ವಿದ್ಯುತ್ ಹಾಯ್ಸ್ಟ್‌ಗಳಿವೆ. ಹಿಂದಿನ ಚಕ್ರದ ಕಾಲುಗಳನ್ನು ಎತ್ತರಿಸಿ ತಗ್ಗಿಸಿ ಬಾಗಿಲ ಮಟ್ಟವನ್ನು ನೆಲಕ್ಕೆ ಹೊಂದಿಸಿಕೊಳ್ಳಬಹುದು. ಕ್ರೇನ್ ಇಲ್ಲದ ಬಯಲಿನಲ್ಲೂ ಇಳಿಸಿ ಹೋಗಬೇಕು ಅನ್ನುವ ಯೋಚನೆ ಇಡೀ ಯಂತ್ರದಲ್ಲಿ ಕಾಣುತ್ತದೆ.

ಒಬ್ಬರು 20 ಟನ್ ಅಂತಾರೆ, ಇನ್ನೊಬ್ಬರು 25, ಮತ್ತೊಬ್ಬರು 56. ಯಾವುದು ಸರಿ?

ಮೂರೂ ಸರಿ, ಮೂರೂ ಬೇರೆ ಬೇರೆ ವಿಷಯ. 56 ಟನ್ ಅನ್ನುವುದು ಹೆಲಿಕಾಪ್ಟರ್, ಇಂಧನ, ಸಿಬ್ಬಂದಿ, ಸಾಮಾನು ಎಲ್ಲ ಸೇರಿ ಮೇಲೇಳಬಹುದಾದ ಗರಿಷ್ಠ ತೂಕ. 20 ಟನ್ ದಿನನಿತ್ಯದ ಕೆಲಸದಲ್ಲಿ ಒಳಗೆ ಅಥವಾ ಕೊಕ್ಕೆಗೆ ಹಾಕಬಹುದಾದ ಗರಿಷ್ಠ ಸಾಮಾನು. 25 ಟನ್ ದಾಖಲೆಗಾಗಿ ಎತ್ತಿದ್ದು. 1982ರ ಫೆಬ್ರುವರಿಯಲ್ಲಿ ಪರೀಕ್ಷಾ ಪೈಲಟ್‌ಗಳು ಅಷ್ಟು ಭಾರವನ್ನು 4,000 ಮೀಟರ್‌ಗೂ ಮೇಲೆ ಒಯ್ದರು. ದಾಖಲೆಯ ಹಾರಾಟಕ್ಕೆ ಇಂಧನ ಕಡಿಮೆ ತುಂಬುತ್ತಾರೆ, ತಣ್ಣಗಿನ ದಿನ ಆರಿಸುತ್ತಾರೆ. ಅದನ್ನು ಕೆಲಸದ ಅಂಕಿ ಅಂದುಕೊಳ್ಳಬಾರದು.

ಜನರನ್ನು ಎಷ್ಟು ಮಂದಿ ಕೂರಿಸಬಹುದು?

ಸೈನಿಕರಾದರೆ 80ರಿಂದ 90. ಗಾಯಾಳುಗಳಿಗಾದರೆ 60 ಸ್ಟ್ರೆಚರ್. ತೂಕದ ಲೆಕ್ಕ ಹಾಕಿದರೆ ಇನ್ನೂ ಎಷ್ಟೋ ಜನ ಹಿಡಿಸುತ್ತಾರೆ ಅನ್ನಿಸುತ್ತದೆ, ಅಲ್ವಾ? ಆದರೆ ಸೀಟು, ಬೆಲ್ಟ್, ಹೊರಬರುವ ದಾರಿ ಎಲ್ಲ ಇಷ್ಟು ಜನರಿಗೇ ಇರುವುದು. 2002ರ ಆಗಸ್ಟ್ 19ರಂದು ಚೆಚೆನ್ಯದ ಖಂಕಲಾ ನೆಲೆಯ ಹತ್ತಿರ ಕ್ಷಿಪಣಿ ತಗುಲಿ ಒಂದು ಎಂಐ-26 ಬಿತ್ತು. ಒಳಗೆ ಸುಮಾರು 147 ಜನರಿದ್ದರು, 127 ಮಂದಿ ಸತ್ತರು. ಹೆಲಿಕಾಪ್ಟರ್ ಇತಿಹಾಸದಲ್ಲೇ ಅತಿ ಹೆಚ್ಚು ಜೀವ ಹೋದ ದುರಂತ ಅದು. ಹೊಡೆದದ್ದು ಕ್ಷಿಪಣಿಯೇ ಇರಬಹುದು, ಆದರೆ ಅಷ್ಟು ಜನರನ್ನು ತುಂಬಿದ್ದರಿಂದ ಸಾವು ಹೆಚ್ಚಾಯಿತು. ಎತ್ತುವ ಶಕ್ತಿ ಇದೆ ಅಂತ ಜನರನ್ನು ತುಂಬುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

## ಹಾರಾಟದ ಲೆಕ್ಕ

20 ಟನ್ ಹೊತ್ತು 800 ಕಿಲೋಮೀಟರ್ ಹೋಗುತ್ತೆ ಅಂತ ಓದಿದೆ, ನಿಜವಾ?

ಎರಡೂ ಒಟ್ಟಿಗೆ ಆಗುವುದಿಲ್ಲ. ಕಾಗದ ತೆಗೆದುಕೊಳ್ಳಿ, ನಾವೇ ಲೆಕ್ಕ ಹಾಕೋಣ.

ಗರಿಷ್ಠ ತೂಕ 56,000 ಕೆಜಿ. ಖಾಲಿ ಹೆಲಿಕಾಪ್ಟರ್‌ನ ತೂಕ 28,200 ಕೆಜಿ. ಉಳಿದದ್ದು 27,800. ಸಾಮಾನು, ಸಿಬ್ಬಂದಿ, ಇಂಧನ ಎಲ್ಲ ಇದರಲ್ಲೇ ಆಗಬೇಕು. ಟ್ಯಾಂಕು ತುಂಬಿಸಿದರೆ 12,000 ಲೀಟರ್, ಅಂದರೆ 9 ಟನ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟು ಇಂಧನದಲ್ಲಿ ಗಂಟೆಗೆ 255 ಕಿಮೀ ವೇಗದಲ್ಲಿ ಸುಮಾರು 800 ಕಿಮೀ ಹೋಗುತ್ತದೆ. ಅಂದರೆ ಮೂರು ಗಂಟೆಯ ಹಾರಾಟ, ಗಂಟೆಗೆ ಸುಮಾರು 3 ಟನ್ ಇಂಧನ. ಈ ಗಂಟೆಗೆ 3 ಟನ್ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಈಗ ಪೂರ್ತಿ 20 ಟನ್ ಸಾಮಾನು ಹಾಕಿ. ಉಳಿಯುವುದು 7.8 ಟನ್. ಐದು ಜನ ಸಿಬ್ಬಂದಿ ಮತ್ತು ಅವರ ಸರಂಜಾಮು ಕಳೆದರೆ ಇಂಧನಕ್ಕೆ 7 ಟನ್ ಚಿಲ್ಲರೆ ಸಿಗುತ್ತದೆ. ಆಪತ್ತಿಗೆ ಸ್ವಲ್ಪ ಉಳಿಸಿಕೊಳ್ಳಲೇಬೇಕು. ಹಾಗಾಗಿ ಎರಡು ಗಂಟೆ, 500 ಕಿಮೀ ಆಸುಪಾಸು. ಅದೂ ಒಂದು ಕಡೆಯ ಪ್ರಯಾಣ. ಇಳಿಸುವ ಜಾಗದಲ್ಲಿ ಇಂಧನ ಸಿಗದಿದ್ದರೆ ವಾಪಸ್ ಬರುವುದಕ್ಕೂ ಇದೇ ಟ್ಯಾಂಕಿನಿಂದ ತೆಗೆಯಬೇಕು. ಆದ್ದರಿಂದ ಎಷ್ಟು ಟನ್ ಅಂತ ಯಾರಾದರೂ ಹೇಳಿದರೆ, ಎಲ್ಲಿಂದ ಎಲ್ಲಿಗೆ ಅಂತಲೂ ಕೇಳಿ. ದೂರ ಹೇಳದೆ ಬರೀ ತೂಕ ಹೇಳಿದರೆ ಅದು ಅರ್ಧ ಮಾತು.

ಸಾಮಾನಿಲ್ಲದೆ, ಹೆಚ್ಚುವರಿ ಟ್ಯಾಂಕು ಹಾಕಿಕೊಂಡು ಒಂದೂರಿಂದ ಇನ್ನೊಂದೂರಿಗೆ ಸುಮ್ನೆ ಹಾರಿ ಹೋಗುವುದಾದರೆ ಸುಮಾರು 1,900 ಕಿಮೀ ದಾಟುತ್ತದೆ.

ಇಷ್ಟು ಶಕ್ತಿ ಇದ್ದರೂ ವೇಗ ಯಾಕೆ 300 ಕಿಲೋಮೀಟರ್ ಮುಟ್ಟಲ್ಲ?

ಶಕ್ತಿಯ ಕೊರತೆಯಿಂದಲ್ಲ, ರೋಟರ್‌ನ ಸ್ವಭಾವದಿಂದ. ಈ ರೋಟರ್ ನಿಮಿಷಕ್ಕೆ 132 ಸುತ್ತು ತಿರುಗುತ್ತದೆ. ನೋಡೋಕೆ ನಿಧಾನ ಅನ್ನಿಸುತ್ತದೆ, ಆದರೆ 16 ಮೀಟರ್ ಉದ್ದದ ಬ್ಲೇಡ್‌ನ ತುದಿ ಸೆಕೆಂಡಿಗೆ ಸುಮಾರು 220 ಮೀಟರ್ ಓಡುತ್ತಿರುತ್ತದೆ. ಹೆಲಿಕಾಪ್ಟರ್ ಗಂಟೆಗೆ 295 ಕಿಮೀ, ಅಂದರೆ ಸೆಕೆಂಡಿಗೆ 82 ಮೀಟರ್ ಮುಂದೆ ಹೋಗುವಾಗ ಮುಂದಕ್ಕೆ ಬೀಸುವ ಬ್ಲೇಡ್‌ಗೆ 300 ಮೀಟರ್ ವೇಗದ ಗಾಳಿ ಸಿಗುತ್ತದೆ. ಇದು ಶಬ್ದದ ವೇಗಕ್ಕೆ ತೀರಾ ಹತ್ತಿರ. ಹಿಂದಕ್ಕೆ ಬೀಸುವ ಬ್ಲೇಡ್‌ಗೆ 140 ಕೂಡ ಸಿಗುವುದಿಲ್ಲ. ಒಂದು ಕಡೆ ಅದುರಾಟ, ಇನ್ನೊಂದು ಕಡೆ ಎತ್ತುವ ಬಲವೇ ಕುಸಿಯುವ ಭಯ. ಇನ್ನೂ ದೊಡ್ಡ ಎಂಜಿನ್ ಹಾಕಿದರೂ ಇದು ಬದಲಾಗಲ್ಲ.

ಎಂಟು ಬ್ಲೇಡ್ ಯಾಕೆ? ಐದು ಸಾಲದಾ?

ಇದರ ಹಿಂದಿನ ಎಂಐ-6ಕ್ಕೆ ಐದೇ ಇದ್ದವು, ರೋಟರ್ ವ್ಯಾಸ 35 ಮೀಟರ್. ಎಂಐ-26 ಅದಕ್ಕಿಂತ ಹೆಚ್ಚು ಎತ್ತಬೇಕಿತ್ತು, ಆದರೆ ರೋಟರ್ ಇನ್ನೂ ದೊಡ್ಡದಾದರೆ ತೂಕ ಮಿತಿಮೀರುತ್ತಿತ್ತು. ಜೋರಾಗಿ ತಿರುಗಿಸೋಣ ಅಂದರೆ ಬ್ಲೇಡ್ ತುದಿ ಶಬ್ದದ ವೇಗಕ್ಕೆ ಹೋಗಿಬಿಡುತ್ತದೆ. ಉಳಿದ ದಾರಿ ಬ್ಲೇಡ್‌ಗಳ ಸಂಖ್ಯೆ ಹೆಚ್ಚಿಸುವುದು. ಎಂಟು ಬ್ಲೇಡ್‌ಗಳನ್ನು ಒಂದೇ ಕಡೆ ಹಿಡಿದುಕೊಳ್ಳುವ ನಡುವಿನ ಹಬ್ ಉಕ್ಕಿನದಾದರೆ ವಿಪರೀತ ತೂಕ, ಅದಕ್ಕೇ ಟೈಟಾನಿಯಂ ಬಳಸಿದರು.

ಒಂದು ಎಂಜಿನ್ ನಿಂತು ಹೋದರೆ ಕೆಳಗೆ ಬೀಳುತ್ತಾ?

ಬೀಳುವುದಿಲ್ಲ. ಎರಡು ಡಿ-136 ಎಂಜಿನ್‌ಗಳಿವೆ, ತಲಾ 11,400 ಅಶ್ವಶಕ್ತಿ. ಎರಡೂ ಒಂದೇ ಗೇರ್‌ಬಾಕ್ಸ್‌ಗೆ ಸೇರುತ್ತವೆ. ಒಂದು ನಿಂತರೆ ಇನ್ನೊಂದು ತಾನಾಗಿಯೇ ಗರಿಷ್ಠ ಶಕ್ತಿಗೆ ಏರುತ್ತದೆ. ಭಾರ ಕಡಿಮೆ ಇದ್ದರೆ ಹಾರಾಟ ಮುಂದುವರಿಸಬಹುದು. ಪೂರ್ತಿ ಭಾರ ಇದ್ದು ಒಂದೇ ಕಡೆ ನಿಂತು ತೇಲುತ್ತಿದ್ದಾಗ ನಿಂತರೆ ಕಥೆ ಬೇರೆ, ಆಗ ಕೊಕ್ಕೆಯ ಸಾಮಾನು ಬಿಟ್ಟುಬಿಡಬೇಕು ಅಥವಾ ತಕ್ಷಣ ಇಳಿಯಬೇಕು. ಎರಡೂ ನಿಂತರೂ ಕೆಳಗಿನಿಂದ ಬರುವ ಗಾಳಿಯಿಂದ ರೋಟರ್ ತಿರುಗುತ್ತಲೇ ಇರುತ್ತದೆ. ಆ ಬಲದಲ್ಲೇ ಇಳಿಸುವುದನ್ನು ಪೈಲಟ್‌ಗಳು ಕಲಿತಿರುತ್ತಾರೆ.

ಲೇಹ್‌ನಲ್ಲೂ 20 ಟನ್ ಎತ್ತುತ್ತಾ?

ಇಲ್ಲ. ಇದಕ್ಕೆ ಉತ್ತರ ಸ್ವಲ್ಪ ಉದ್ದ, ಆದರೆ ಈ ಯಂತ್ರದ ಬಗ್ಗೆ ಒಂದೇ ವಿಷಯ ತಿಳಿಯಬೇಕಿದ್ದರೆ ಇದನ್ನೇ ಓದಿ.

ಲೇಹ್ ವಿಮಾನ ನಿಲ್ದಾಣ ಇರುವುದು ಸುಮಾರು 3,250 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ 72 ಶೇಕಡಾ. ಬೇಸಿಗೆಯಲ್ಲಿ ಮಧ್ಯಾಹ್ನ ಬಿಸಿಲೇರಿದರೆ ಮೂರನೇ ಎರಡರಷ್ಟಕ್ಕೂ ಕೆಳಗೆ ಇಳಿಯುತ್ತದೆ. ತೆಳುಗಾಳಿಯಿಂದ ಎರಡು ಕಡೆ ಪೆಟ್ಟು. ಬ್ಲೇಡ್‌ಗೆ ತಳ್ಳೋಕೆ ಗಾಳಿ ಸಾಲದು, ಎಂಜಿನ್‌ಗೂ ಉಸಿರಾಡೋಕೆ ಗಾಳಿ ಸಾಲದು.

ಈಗ ಸಾಮಾನಿನ ಮೇಲೆ ಏನಾಗುತ್ತದೆ ನೋಡಿ. ಇದು ಕೈಪಿಡಿಯ ಅಂಕಿ ಅಲ್ಲ, ಅರ್ಥವಾಗಲಿ ಅಂತ ಹಾಕುವ ಲೆಕ್ಕ. ಒಟ್ಟು ಎತ್ತುವ ಬಲ ಕಾಲುಭಾಗ ಕಡಿಮೆಯಾಯಿತು ಅಂದುಕೊಳ್ಳಿ, 56 ಟನ್ ಹೋಗಿ 42 ಆಯಿತು. ಹೆಲಿಕಾಪ್ಟರ್‌ನ ಸ್ವಂತ 28.2 ಟನ್ ಕಡಿಮೆಯಾಗುತ್ತದೆಯೇ? ಇಲ್ಲ. ಇಂಧನ, ಸಿಬ್ಬಂದಿಯ 7.8 ಟನ್? ಅದೂ ಬೇಕೇ ಬೇಕು. ಕಡಿತ ಪೂರ್ತಿ ಸಾಮಾನಿನ ಮೇಲೇ ಬೀಳುತ್ತದೆ. 20 ಟನ್ ಇದ್ದದ್ದು 6 ಟನ್! ಬಲ ಕಾಲುಭಾಗ ಹೋಯಿತು, ಸಾಮಾನು ಮುಕ್ಕಾಲು ಪಾಲಿಗೆ ಹತ್ತಿರ ಹೋಯಿತು.

ಬೆಟ್ಟದಲ್ಲಿ ಕೆಲಸ ಮಾಡುವ ಹೆಲಿಕಾಪ್ಟರ್‌ಗಳು ಬೆಳಗಿನ ಜಾವವೇ ಹೊರಡುವುದಕ್ಕೆ, ಇಂಧನವನ್ನು ಬೇಕಾದಷ್ಟೇ ತುಂಬುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಜಾಗ ಇದ್ದರೆ ಎಂಐ-26 ಇನ್ನೊಂದು ಉಪಾಯ ಮಾಡುತ್ತದೆ. ಚಕ್ರಗಳಿವೆಯಲ್ಲ, ರನ್‌ವೇ ಮೇಲೆ ವಿಮಾನದ ಹಾಗೆ ಓಡಿ ಮೇಲೇಳುತ್ತದೆ. ಮುಂದೆ ಓಡುವಾಗ ರೋಟರ್‌ಗೆ ಹೊಸ ಗಾಳಿ ಸಿಗುತ್ತಾ ಹೋಗುವುದರಿಂದ, ನಿಂತಲ್ಲೇ ಎತ್ತಲಾಗದ ಭಾರವನ್ನೂ ಆಗ ಎತ್ತಬಹುದು.

## ಕೆಲಸದ ಜಾಗದಲ್ಲಿ

ಒಳಗೆ ಜಾಗ ಇರುವಾಗ ಕೆಳಗೆ ತೂಗು ಹಾಕಿಕೊಂಡು ಹೋಗುವುದು ಯಾಕೆ?

ಕೆಲವು ಸಾಮಾನು ಬಾಗಿಲಲ್ಲಿ ಹೋಗುವುದೇ ಇಲ್ಲ. ವಿದ್ಯುತ್ ಗೋಪುರ, ಸೇತುವೆಯ ತೊಲೆ, ಕೆಟ್ಟು ನಿಂತ ಇನ್ನೊಂದು ಹೆಲಿಕಾಪ್ಟರ್ ಇಂಥವು. ಕೆಲವು ಕಡೆ ಇಳಿಯೋಕೆ ನೆಲವೇ ಇರುವುದಿಲ್ಲ.

ಆದರೆ ಸ್ಲಿಂಗ್ ಕೆಲಸ ಬಹಳ ಕಷ್ಟದ್ದು. ವೇಗ ಕಡಿಮೆ ಮಾಡಬೇಕು, ಗಾಳಿಯ ಎಳೆತದಿಂದ ಇಂಧನ ಜಾಸ್ತಿ ಹೋಗುತ್ತದೆ. ಬಾವಿಗೆ ಇಳಿಬಿಟ್ಟ ಕೊಡ ಹಗ್ಗದಲ್ಲಿ ಓಲಾಡುವ ಹಾಗೆ ಭಾರ ಓಲಾಡಲು ಶುರು ಮಾಡಿದರೆ ಹೆಲಿಕಾಪ್ಟರನ್ನೇ ಎಳೆದಾಡುತ್ತದೆ. ಚಪ್ಪಟೆ ಅಗಲದ, ಹಗುರವಾದ ಸಾಮಾನುಗಳೇ ಹೆಚ್ಚು ಅಪಾಯಕಾರಿ, ಗಾಳಿ ಅವನ್ನು ತಿರುಗಿಸುತ್ತದೆ. 2024ರ ಆಗಸ್ಟ್ 31ರಂದು ಕೇದಾರನಾಥದಿಂದ ಕೆಟ್ಟ ಸಣ್ಣ ಹೆಲಿಕಾಪ್ಟರ್ ಒಂದನ್ನು ಎಂಐ-17 ತೂಗಿಸಿಕೊಂಡು ಹೊರಟಾಗ ಹೀಗೇ ಆಯಿತು. ಭಾರ ಹತೋಟಿ ತಪ್ಪಿತು, ಪೈಲಟ್ ಅದನ್ನು ಖಾಲಿ ಜಾಗದಲ್ಲಿ ಬಿಟ್ಟುಬಿಟ್ಟರು. ಸಾಮಾನು ಬಿಟ್ಟು ಜನರನ್ನು ಉಳಿಸುವುದು ಸರಿಯಾದ ನಿರ್ಧಾರ, ಕೊಕ್ಕೆಗೆ ಬಿಡುಗಡೆಯ ಗುಂಡಿ ಇರುವುದೇ ಅದಕ್ಕೆ.

ಎಂಐ-26ರಲ್ಲಿ ಕೆಳಗಿನ ಭಾರವನ್ನು ನೋಡೋಕೆ ಕ್ಯಾಮೆರಾಗಳಿವೆ. ಇನ್ನೊಂದು ವಿಷಯ: ತಿರುಗುವ ಬ್ಲೇಡ್‌ಗಳಿಂದ ಹೆಲಿಕಾಪ್ಟರ್ ಮೈಯಲ್ಲಿ ಸ್ಥಾಯಿ ವಿದ್ಯುತ್ ಕೂಡಿಕೊಳ್ಳುತ್ತದೆ. ನೆಲದ ಮೇಲಿರುವವರು ಕೊಕ್ಕೆಯನ್ನು ಬರಿಗೈಯಲ್ಲಿ ಮುಟ್ಟಬಾರದು, ಮೊದಲು ಅರ್ಥಿಂಗ್ ಕೋಲು ತಾಗಿಸಬೇಕು.

ನಮ್ಮೂರಿನ ಆಟದ ಮೈದಾನದಲ್ಲಿ ಇಳಿಸಬಹುದಾ?

ಜಾಗ ಸಾಕಾಗಬಹುದು, ಸುತ್ತಲಿನ ಮನೆಗಳ ಗತಿ ಏನು? ಪೂರ್ತಿ ಭಾರದಲ್ಲಿ ತೇಲುವಾಗ ರೋಟರ್ 56 ಟನ್‌ನಷ್ಟು ಬಲದಿಂದ ಗಾಳಿಯನ್ನು ಕೆಳಗೆ ತಳ್ಳಬೇಕು. ಸರಳ ಸೂತ್ರದಲ್ಲಿ ಲೆಕ್ಕ ಹಾಕಿದರೆ ಕೆಳಗೆ ಹೋಗುವ ಗಾಳಿಯ ವೇಗ ಗಂಟೆಗೆ 100 ಕಿಮೀ ಮೀರುತ್ತದೆ. ಅದು ಚಂಡಮಾರುತದ ಗಾಳಿ. ತಗಡಿನ ಚಾವಣಿ, ಶಾಮಿಯಾನ, ಒಣಗಲು ಹಾಕಿದ ಬೆಳೆ ಯಾವುದೂ ನಿಲ್ಲುವುದಿಲ್ಲ. ಒಣ ನೆಲವಾದರೆ ಧೂಳೆದ್ದು ಪೈಲಟ್‌ಗೆ ನೆಲವೇ ಕಾಣಿಸುವುದಿಲ್ಲ, ಹೊಸ ಹಿಮದ ಮೇಲೂ ಹಾಗೆಯೇ. ಅದಕ್ಕೆ ಮೊದಲೇ ನೀರು ಹಾಕಿಸಿ, ನೆಲ ಗಟ್ಟಿ ಮಾಡಿಸಿಕೊಳ್ಳುತ್ತಾರೆ.

ಸುಮ್ನೆ ದಾಖಲೆ ಬಿಡಿ, ನಿಜವಾಗಿ ಉಪಯೋಗಕ್ಕೆ ಬಂದದ್ದು ಎಲ್ಲಿ?

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 2008ರ ಚೀನಾ. ಮೇ 12ರಂದು ಸಿಚುವಾನ್‌ನಲ್ಲಿ ಭೂಕಂಪವಾಗಿ ಬೆಟ್ಟ ಕುಸಿದು, ತಾಂಗ್‌ಜಿಯಾಶಾನ್ ಅನ್ನುವಲ್ಲಿ ನದಿಗೆ ಅಡ್ಡ ಬಿತ್ತು. ಹಿಂದೆ ನೀರು ಏರುತ್ತಾ ಹೋಯಿತು. ಆ ಮಣ್ಣಿನ ಒಡ್ಡು ಒಡೆದರೆ ಕೆಳಗಿನ ಊರುಗಳಿಗೆ ಉಳಿಗಾಲವಿಲ್ಲ. ರಸ್ತೆ ಇರಲಿಲ್ಲ. ಎಂಐ-26ಗಳು ಬುಲ್ಡೋಜರ್, ಅಗೆಯುವ ಯಂತ್ರಗಳನ್ನು ಒಂದೊಂದಾಗಿ ತೂಗಿಸಿಕೊಂಡು ಹೋಗಿ ಒಡ್ಡಿನ ಮೇಲಿಳಿಸಿದವು. ಕಾಲುವೆ ತೋಡಿದರು, ಜೂನ್‌ನಲ್ಲಿ ನೀರು ಹತೋಟಿಯಲ್ಲಿ ಹರಿದುಹೋಯಿತು. ಸಣ್ಣ ಹೆಲಿಕಾಪ್ಟರ್‌ಗಳು ಎಷ್ಟೇ ಬಂದಿದ್ದರೂ ಈ ಕೆಲಸ ಆಗುತ್ತಿರಲಿಲ್ಲ, ಬುಲ್ಡೋಜರನ್ನು ತುಂಡು ಮಾಡಿ ಹತ್ತು ಸಲ ಹೊರುವಷ್ಟು ಸಮಯವೇ ಇರಲಿಲ್ಲ.

ಸೈಬೀರಿಯಾದ ತೈಮೀರ್‌ನಲ್ಲಿ 1999ರಲ್ಲಿ ಹಿಮಗಡ್ಡೆಯೊಳಗಿದ್ದ ಮ್ಯಾಮತ್ ಆನೆಯ ಅವಶೇಷವನ್ನು ಸುಮಾರು 23 ಟನ್ ಹೆಪ್ಪುಗಟ್ಟಿದ ಮಣ್ಣಿನ ಸಮೇತ ಎತ್ತಿ ತಂದದ್ದೂ ಇದೇ. 2002ರಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕದ ಕೆಟ್ಟ ಚಿನೂಕ್ ಹೆಲಿಕಾಪ್ಟರ್ ಒಂದನ್ನು ತೂಗಿಸಿಕೊಂಡು ಹೋಗಿತ್ತು.

ಚೆರ್ನೋಬಿಲ್‌ನಲ್ಲಿ ಬಿದ್ದ ಹೆಲಿಕಾಪ್ಟರ್ ಇದೇ ಅಲ್ವಾ?

ಅಲ್ಲ. ಅಣು ಸ್ಥಾವರದ ದುರಂತದ ನಂತರ ಅಲ್ಲಿ ಹೆಲಿಕಾಪ್ಟರ್ ಬೀಳುವ ವಿಡಿಯೊ ಒಂದಿದೆ, ಅದರಲ್ಲಿ ಕಾಣುವುದು ಎಂಐ-8. 1986ರ ಅಕ್ಟೋಬರ್‌ನಲ್ಲಿ ಬ್ಲೇಡ್ ಕ್ರೇನಿನ ತಂತಿಗೆ ತಗುಲಿ ಬಿತ್ತು, ನಾಲ್ವರು ಸತ್ತರು. ಎಂಐ-26ಗಳೂ ಅಲ್ಲಿ ದುಡಿದವು, ಸಿಬ್ಬಂದಿಯನ್ನು ವಿಕಿರಣದಿಂದ ಕಾಪಾಡಲು ಸೀಸದ ಹೊದಿಕೆ ಹಾಕಿಕೊಂಡು, ಧೂಳು ಕೂರಿಸುವ ದ್ರಾವಣ ಸಿಂಪಡಿಸಿದವು. ಸೀಸಕ್ಕೂ ತೂಕ ಇದೆ. ಅಷ್ಟು ಕವಚ ಹೊತ್ತೂ ಕೆಲಸ ಮಾಡುವ ಶಕ್ತಿ ಇವಕ್ಕಿತ್ತು.

## ಭಾರತ ಮತ್ತು ಮುಂದಿನ ದಾರಿ

ನಮ್ಮ ವಾಯುಪಡೆಯಲ್ಲಿ ಇತ್ತಲ್ಲ, ಈಗ ಎಲ್ಲಿ?

1986ರಿಂದ ಚಂಡೀಗಢದ 126ನೇ ಹೆಲಿಕಾಪ್ಟರ್ ಘಟಕದಲ್ಲಿದ್ದವು, ಕೊಂಡದ್ದು ನಾಲ್ಕು. ಗಡಿ ರಸ್ತೆಗೆ ಬೇಕಾದ ಬುಲ್ಡೋಜರ್, ಕಾಶ್ಮೀರದ ರೈಲು ಮಾರ್ಗಕ್ಕೆ ಬೇಕಾದ ಯಂತ್ರಗಳನ್ನು ಹೊತ್ತವು. 2013ರ ಪ್ರವಾಹದ ನಂತರ ಕೇದಾರನಾಥವನ್ನು ಮತ್ತೆ ಕಟ್ಟುವಾಗ, ಅಷ್ಟು ಎತ್ತರದಲ್ಲಿ ಹೆಲಿಪ್ಯಾಡ್ ದೊಡ್ಡದು ಮಾಡಿ ಇದರಲ್ಲೇ ಯಂತ್ರಗಳನ್ನು ಇಳಿಸಿದರು. ಆಮೇಲೆ ದೊಡ್ಡ ದುರಸ್ತಿಗೆ ಕಾಯುತ್ತಾ ನೆಲದ ಮೇಲೇ ಉಳಿದವು. ನಾಲ್ಕೇ ನಾಲ್ಕು ಇರುವ ಯಂತ್ರಕ್ಕೆ ಬಿಡಿಭಾಗ, ತರಬೇತಿ, ಓವರ್‌ಹಾಲ್ ನಿಭಾಯಿಸುವುದು ಯಾವ ದೇಶಕ್ಕೂ ಕಷ್ಟ. ಜೊತೆಗೆ ಡಿ-136 ಎಂಜಿನ್ ಉಕ್ರೇನಿನ ಝಪೋರಿಝಿಯಾದ್ದು. 2014ರ ನಂತರ ರಷ್ಯಾ-ಉಕ್ರೇನ್ ಸಂಬಂಧ ಮುರಿದ ಮೇಲೆ ರಷ್ಯಾಕ್ಕೇ ಹೊಸ ಎಂಜಿನ್ ಹುಡುಕುವ ಪರಿಸ್ಥಿತಿ ಬಂತು.

ಚಿನೂಕ್ ಎತ್ತುವುದು ಇದರ ಅರ್ಧ. ಮತ್ತೆ ಅದನ್ನು ಯಾಕೆ ಕೊಂಡರು?

ಭಾರತ 15 ಚಿನೂಕ್ ಕೊಂಡಿತು, 2019ರ ಮಾರ್ಚ್ 25ರಂದು ಅದೇ 126ನೇ ಘಟಕಕ್ಕೆ ಸೇರಿದವು. ಗರಿಷ್ಠ ತೂಕ 22.7 ಟನ್, ಸಾಮಾನು 10 ಟನ್ ಆಸುಪಾಸು. ಕಾಗದದ ಮೇಲೆ ಎಂಐ-26 ಗೆಲ್ಲುತ್ತದೆ. ಆದರೆ ನಮಗೆ ಕೆಲಸ ಇರುವುದು ಹಿಮಾಲಯದಲ್ಲಿ. ಎಂಐ-26 ಹಾರಬಲ್ಲ ಎತ್ತರ 4,600 ಮೀಟರ್, ಚಿನೂಕ್‌ನದು 6,000 ಮೀಟರ್‌ಗೂ ಮೇಲೆ. ಎರಡು ರೋಟರ್ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಬಾಲದ ರೋಟರ್ ಬೇಡ, ಎಂಜಿನ್ ಶಕ್ತಿ ಎಲ್ಲ ಎತ್ತುವುದಕ್ಕೇ ಹೋಗುತ್ತದೆ. ಸುಮಾರು 4.2 ಟನ್‌ನ ಎಂ777 ಫಿರಂಗಿಯನ್ನು ಗುಡ್ಡದ ಮೇಲಿಡುವ ಕೆಲಸಕ್ಕೆ 20 ಟನ್ ಶಕ್ತಿ ಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ ಒಂದು ಚಿನೂಕ್ ಚಂಡೀಗಢದಿಂದ ಜೋರ್ಹಾಟ್‌ಗೆ 1,910 ಕಿಮೀ ದೂರವನ್ನು ಏಳೂವರೆ ಗಂಟೆಯಲ್ಲಿ ಎಲ್ಲೂ ಇಳಿಯದೆ ಹಾರಿತು.

ನನ್ನ ಅಭಿಪ್ರಾಯ ಕೇಳಿದರೆ ಆಯ್ಕೆ ಸರಿಯಾಗಿದೆ. ಆದರೆ 15 ಟನ್ ಬುಲ್ಡೋಜರನ್ನು ಬಿಚ್ಚದೆ ಒಯ್ಯಬೇಕಾದ ದಿನ ಚಿನೂಕ್ ಕೈಯಲ್ಲಿ ಆಗುವುದಿಲ್ಲ, ಆ ಜಾಗ ಖಾಲಿಯೇ ಇದೆ.

ಬೆಂಗಳೂರಿನ ಎಚ್‌ಎಎಲ್ ಇಂಥದ್ದನ್ನು ಮಾಡಬಹುದಲ್ಲ?

ಸದ್ಯಕ್ಕೆ ಆ ದಾರಿಯಲ್ಲಿಲ್ಲ. ಎಚ್‌ಎಎಲ್‌ನ ಧ್ರುವ 5.5 ಟನ್ ವರ್ಗದ್ದು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಕಾರ್ಖಾನೆ ಮೊದಲಿಗೆ ಕೈಗೆತ್ತಿಕೊಂಡದ್ದು 3 ಟನ್ ವರ್ಗದ ಹಗುರ ಹೆಲಿಕಾಪ್ಟರ್. ಮುಂದೆ 13 ಟನ್ ವರ್ಗದ ಐಎಂಆರ್‌ಎಚ್ (ಇಂಡಿಯನ್ ಮಲ್ಟಿ-ರೋಲ್ ಹೆಲಿಕಾಪ್ಟರ್) ಯೋಜನೆ ಇದೆ, ಅದು ಎಂಐ-17ರ ಜಾಗ ತುಂಬಲು. 13ರಿಂದ 56 ಟನ್‌ಗೆ ಹೋಗುವುದು ಬರೀ ಗಾತ್ರ ಹೆಚ್ಚಿಸುವ ಕೆಲಸವಲ್ಲ, ಅದಕ್ಕೆ ಬೇಕಾದ ಎಂಜಿನ್ ಮಾಡುವವರೇ ಜಗತ್ತಿನಲ್ಲಿ ಬೆರಳೆಣಿಕೆ. 13 ಟನ್‌ನದು ಮೊದಲು ಚೆನ್ನಾಗಿ ಆಗಲಿ, ನಮಗೆ ಅದು ಬಹಳ ಹೆಚ್ಚು ಸಂಖ್ಯೆಯಲ್ಲಿ ಬೇಕು.

ಇದಕ್ಕಿಂತ ದೊಡ್ಡದನ್ನು ಯಾರೂ ಯಾಕೆ ಮಾಡಲಿಲ್ಲ?

ಮಾಡಿದ್ದರು, ಅದೂ ಇದೇ ಮಿಲ್ ಕಚೇರಿಯವರೇ. ವಿ-12 ಅಂತ, ಎಂಐ-6ರ ಎರಡು ರೋಟರ್‌ಗಳನ್ನು ಅಕ್ಕಪಕ್ಕ ಇಟ್ಟು, ನಾಲ್ಕು ಎಂಜಿನ್ ಹಾಕಿ. 1969ರ ಆಗಸ್ಟ್‌ನಲ್ಲಿ 44 ಟನ್‌ಗೂ ಹೆಚ್ಚು ಭಾರವನ್ನು 2,255 ಮೀಟರ್ ಎತ್ತರಕ್ಕೆ ಒಯ್ದಿತು. ಎರಡೇ ಎರಡು ಮಾಡಿದರು, ಅಷ್ಟಕ್ಕೇ ನಿಂತಿತು.

ಒಂದೇ ರೋಟರ್‌ನಲ್ಲಿ ಇನ್ನೂ ದೊಡ್ಡದು ಮಾಡೋಣ ಅಂದರೆ ಅಡ್ಡ ಬರುವುದು ಗೇರ್‌ಬಾಕ್ಸ್. ಎಂಜಿನ್ ಒಳಗಿನ ಟರ್ಬೈನ್ ನಿಮಿಷಕ್ಕೆ 8,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ರೋಟರ್ 132 ಮಾತ್ರ. ಈ ವ್ಯತ್ಯಾಸವನ್ನು ಇಳಿಸುತ್ತಾ, 20,000 ಅಶ್ವಶಕ್ತಿಯ ಮಟ್ಟದ ಬಲವನ್ನು ಒಂದೇ ಶಾಫ್ಟ್‌ಗೆ ದಾಟಿಸಬೇಕು. ರೋಟರ್ ದೊಡ್ಡದಾದಷ್ಟೂ ನಿಧಾನ ತಿರುಗಬೇಕು. ನಿಧಾನವಾದಷ್ಟೂ ಅದೇ ಶಕ್ತಿಗೆ ತಿರುಚುವ ಬಲ ಜಾಸ್ತಿ. ಬಲ ಜಾಸ್ತಿಯಾದರೆ ಹಲ್ಲುಚಕ್ರಗಳು ದಪ್ಪ. ಹೆಲಿಕಾಪ್ಟರ್‌ನ ಎತ್ತುವ ಶಕ್ತಿ ಬೆಳೆಯುವುದಕ್ಕಿಂತ ಬೇಗ ಅದರ ಸ್ವಂತ ತೂಕ ಬೆಳೆಯುತ್ತದೆ. ಎಂಐ-26ರ ಗೇರ್‌ಬಾಕ್ಸನ್ನು ಮಿಲ್ ಕಚೇರಿಯವರು ತಾವೇ ವಿನ್ಯಾಸ ಮಾಡಿದರು. ಆಮೇಲೆ ಅಮೆರಿಕದವರು ಹೊಸದಾಗಿ ಕಟ್ಟಿದ ಸಿಎಚ್-53ಕೆಗೆ ತಲಾ 7,500 ಅಶ್ವಶಕ್ತಿಯ ಮೂರು ಎಂಜಿನ್ ಇವೆ, 2015ರಲ್ಲಿ ಮೊದಲು ಹಾರಿತು. ಒಟ್ಟು ಶಕ್ತಿ ಎಂಐ-26ರ ಹತ್ತಿರ ಬರುತ್ತದೆ, ಆದರೆ ಕೊಕ್ಕೆಗೆ ಹಾಕಬಹುದಾದ್ದು 16.3 ಟನ್. ಹಡಗಿನ ಮೇಲೆ ಮಡಚಿ ಇಡಬೇಕಾದ ಯಂತ್ರ ಅದು, ಅದಕ್ಕೆ ರೋಟರ್ ಅಷ್ಟು ದೊಡ್ಡದಿಡಲು ಆಗುವುದಿಲ್ಲ.